ಚಪ್ಪಲಿ ನೆಂಟರು

ನಮ್ಮೂರಿನಲ್ಲಿ ಮಂಗಳವಾರ ಮಧ್ಯಾಹ್ನ ಯಾರಾದರೂ ನಿಮ್ಮ ಬಾಗಿಲಿಗೆ ಬಂದು, ಯಾಕೆ ಬಂದೆವೆಂದು ತಮಗೇ ಗೊತ್ತಿಲ್ಲದವರಂತೆ ನಿಂತರೆ ಅವರ ಮುಖ ನೋಡಿ ಪ್ರಯೋಜನವಿಲ್ಲ, ಕಾಲು ನೋಡಬೇಕು. ಕಾಲಲ್ಲಿ ತೀರಿಹೋದ ನಿಮ್ಮ ಅತ್ತೆಯ ಚಪ್ಪಲಿ ಇರುತ್ತದೆ, ಇಲ್ಲವೆ ಹೋದ ವರ್ಷ ನಿಮ್ಮ ಭಾವ ದಾನಕ್ಕೆ ಕೊಟ್ಟ ಬೂಟು. "ಬನ್ನಿ, ಚಪ್ಪಲಿ ನೆಂಟರು ಬನ್ನಿ" ಎಂದು ಜಗಲಿಯಲ್ಲಿ ಕೂರಿಸಿ ಒಂದು ಲೋಟ ಮಜ್ಜಿಗೆ ಕೊಡುವುದು ಇಲ್ಲಿನ ಪದ್ಧತಿ. ಅವರು ಕುಡಿದು, ಬಾಯಿ ಒರೆಸಿಕೊಂಡು, ಚಪ್ಪಲಿ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ ಎದ್ದು ಹೋಗುತ್ತಾರೆ. ಹಳೆಯ ಚಪ್ಪಲಿ ಹಳೆಯ ದಾರಿ ಮರೆಯುವುದಕ್ಕೆ ಒಂದು ಮಧ್ಯಾಹ್ನವಾದರೂ ಬೇಡವೆ?

ಇವೆಲ್ಲ ಬರುವುದು ದಾನದಂಗಡಿಯಿಂದ. ಅದು ಹಿಂದೆ ಎಣ್ಣೆ ಗಾಣದ ಶೆಡ್ಡು. ಈಗಲೂ ಒಳಗೆ ಕಾಲಿಟ್ಟರೆ ಕಡಲೆಕಾಯಿ ಹಿಂಡಿಯ ವಾಸನೆ. ತಮಗೆ ಬೇಡವಾದದ್ದನ್ನು ಊರಿನವರು ತಂದು ಕೊಡುತ್ತಾರೆ, ಬೇಕಾದವರು ಅಗ್ಗಕ್ಕೆ ಕೊಳ್ಳುತ್ತಾರೆ, ಬಂದ ದುಡ್ಡಿನಲ್ಲಿ ಆಸ್ಪತ್ರೆಯ ರೋಗಿಗಳಿಗೆ ಹಾಲು, ಬ್ರೆಡ್ಡು ಹೋಗುತ್ತದೆ. ನಡೆಸುವವರು ಡೋರತಿ ಟೀಚರ್, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಸೋಮವಾರ ಪಾತ್ರೆ, ಗುರುವಾರ ಬಟ್ಟೆ, ಮಂಗಳವಾರ ಚಪ್ಪಲಿ. ಬಾಗಿಲಿನ ಮೇಲೆ ಅವರೇ ಚಂದವಾಗಿ ಬರೆದ ಬೋರ್ಡು: 'ಕೊಟ್ಟವರ ಹೆಸರು ಕೇಳಬಾರದು. ಚಪ್ಪಲಿ ತೊಳೆದು ತರಬಾರದು.' ತೊಳೆದ ಚಪ್ಪಲಿಗೆ ಏನೂ ನೆನಪಿರುವುದಿಲ್ಲ, ಅದು ಬರೀ ಕಾಲು ಕಚ್ಚುತ್ತದೆ.

ಬೆಳಗ್ಗೆ ಏಳಲಾರದ ಗಂಡನಿಗೆ ಹಾಲಿನವನ ಚಪ್ಪಲಿ ಕೊಂಡು ಕೊಟ್ಟ ಹೆಂಗಸರು ನಮ್ಮಲ್ಲಿದ್ದಾರೆ. ಒಂದು ದಿನವಾದರೂ ಎದ್ದನಲ್ಲ ಎಂದು ಅವರಿಗೆ ಸಮಾಧಾನ. ಜಪ್ತಿಗೆ ಹೋಗುವ ಕೋರ್ಟಿನ ಅಮೀನನ ಬೂಟನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಅದು ಹೋದ ಕಡೆ ಮಜ್ಜಿಗೆ ಹುಟ್ಟುವುದಿಲ್ಲ. ರಿಟೈರಾದ ಪೋಸ್ಟ್‌ಮ್ಯಾನಿನ ಚಪ್ಪಲಿ ಮೂರು ವರ್ಷ ಕಪಾಟಿನಲ್ಲೇ ಇತ್ತು. ನಲವತ್ತು ಮನೆಯ ಮಜ್ಜಿಗೆ ಕುಡಿಯುವ ಹೊಟ್ಟೆ ಯಾರಿಗಿದೆ? ಕೊನೆಗೆ ಹೊರಗಿನಿಂದ ಬಂದ ಸರ್ವೆಯವನೊಬ್ಬ, ಅವನ ಬೂಟು ಕಿತ್ತುಹೋಗಿತ್ತು, ಆ ಚಪ್ಪಲಿ ಕೊಂಡು ಮೆಟ್ಟಿ ಊರು ಅಳೆಯಲು ಹೊರಟ. ಅವನು ಬರೆದ ನಕ್ಷೆಯಲ್ಲಿ ನಮ್ಮೂರಿಗೆ ಒಂದೇ ಬೀದಿ, ಅದು ನಲವತ್ತು ಸಲ ತಿರುಗುತ್ತದೆ. ಮೇಲಿನವರು ಹರಿದು ಬಿಸಾಡಿದರಂತೆ. ಮತ್ತೆ ಯಾರೂ ಅಳೆಯಲು ಬರಲಿಲ್ಲ.

ನನ್ನ ಹೆಸರು ಅಂಬುಜಾಕ್ಷಿ. ಮೂವತ್ತೆರಡು ವರ್ಷ ಮನೆಯಲ್ಲೇ ಟೈಪಿಂಗ್ ಹೇಳಿಕೊಟ್ಟವಳು, ಈಗಲೂ ಕೋರ್ಟಿನ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತೇನೆ. ನನಗೆ ಬಾಯಿ ಜೋರು ಎನ್ನುತ್ತಾರೆ. ತಪ್ಪು ಒತ್ತಿದ ಬೆರಳಿಗೆ ಸ್ಕೇಲಿನಲ್ಲಿ ಬಾರಿಸುತ್ತಾ ಬಂದವಳಿಗೆ ಮೆತ್ತನೆಯ ಬಾಯಿ ಎಲ್ಲಿಂದ ಬರಬೇಕು? ನನ್ನ ಮಂಚದ ಕೆಳಗೆ ಇಪ್ಪತ್ತಾರು ಜೊತೆ ಚಪ್ಪಲಿ ಇವೆ. ಇರುವುದು ಎರಡೇ ಕಾಲು. ನಿಜ ಹೇಳುತ್ತೇನೆ, ನಾನು ಮಂಗಳವಾರ ಮಂಗಳವಾರ ಹೋಗುತ್ತಿದ್ದದ್ದು ಚಪ್ಪಲಿಗಲ್ಲ, ಮಜ್ಜಿಗೆಗೆ. ಯಾವುದಾದರೂ ಒಂದು ಬಾಗಿಲಲ್ಲಿ ಯಾರಾದರೂ ನನ್ನನ್ನು 'ಬನ್ನಿ' ಎನ್ನಲಿ ಅಂತ. ನನಗೆ ಬೇರೆ ನೆಂಟರಿಲ್ಲ.

ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬಳು ತಂಗಿ ಇದ್ದಳು, ವಾರಿಜಾಕ್ಷಿ. ಅಮ್ಮ ಹೋದಾಗ ನನಗೆ ಹತ್ತೊಂಬತ್ತು, ಅವಳಿಗೆ ಹನ್ನೊಂದು. ಆಮೇಲೆ ಅವಳಿಗೆ ಅಮ್ಮ ಅಪ್ಪ ಎಲ್ಲ ನಾನೇ. ನಾನು ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ, ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಸಂಜೆ ಅವಳು ಬಂದು, ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವ ಯತಿರಾಜುವನ್ನು ಮದುವೆಯಾಗುತ್ತೇನೆ ಎಂದಳು. ಈ ವಯಸ್ಸಿಗೆ ಹಸೆಮಣೆ ಏರಿದರೆ ಊರು ನಗುತ್ತದೆ ಎಂದೆ. ಊರು ನಗಲಿಲ್ಲ, ಊರಿಗೆ ಬೇರೆ ಕೆಲಸವಿತ್ತು. ನನಗಿದ್ದದ್ದೂ ಊರಿನ ಚಿಂತೆಯಲ್ಲ. ಇವಳು ಹೋದರೆ ನಾನೊಬ್ಬಳೇ ಆಗುತ್ತೇನಲ್ಲ ಎನ್ನುವ ಹೆದರಿಕೆ. ಅದನ್ನು ಹೇಳಲು ಬಾಯಿ ಬರಲಿಲ್ಲ. ಬಂದದ್ದು ಇಷ್ಟು: "ಹೋಗೋದಾದ್ರೆ ಹೋಗು. ಇನ್ಮೇಲೆ ನನ್ನ ಹೊಸಿಲು ತುಳೀಬೇಡ."

ಅವಳು ಹೋದಳು. ನಾನು ಬೀದಿಗೆಲ್ಲ ಕೇಳುವ ಹಾಗೆ, ನನ್ನೆದುರು ಯಾರೂ ಅವಳ ಹೆಸರೆತ್ತಬಾರದು ಎಂದು ಕೂಗಿ ಹೇಳಿದೆ. ನಮ್ಮ ಬೀದಿಯವರು ಮಾತಿಗೆ ತಪ್ಪುವವರಲ್ಲ. ಹನ್ನೊಂದು ವರ್ಷ ಯಾರೂ ಎತ್ತಲಿಲ್ಲ. ಒಬ್ಬರಾದರೂ ಮರೆತು ಎತ್ತಬಾರದೇ ಎಂದು ಎಷ್ಟು ಸಲ ಅನ್ನಿಸಿತೋ. ಅವಳು ಯಾವ ಕಡೆ ಮನೆ ಮಾಡಿದ್ದಾಳೆ ಎಂದು ಕೇಳಲು ನನಗೆ ಜಂಬ ಬಿಡಲಿಲ್ಲ.

ಆ ಮಂಗಳವಾರ ನಾನು ಅಂಗಡಿಗೆ ಹೋದಾಗ ಒಂದು ಗಂಟೆ ದಾಟಿತ್ತು. ಮೇಜಿನ ಮೇಲೆ ಎಂದಿನ ಸರಕು: ಪಟ್ಟಿ ಕಿತ್ತ ಸ್ಯಾಂಡಲ್ಲು, ಯಾರೋ ಪೂಜಾರಿಯ ಹಾವುಗೆ, ಒಂದು ಕಾಲಿನದು ಮಾತ್ರ ಸವೆದ ಬೂಟು. ಟೀಚರ್ ನನ್ನನ್ನು ನೋಡಿದ್ದೇ ಮೇಜಿನ ಕೆಳಗಿಂದ ಪೇಪರ್ ಸುತ್ತಿದ ಒಂದು ಜೊತೆ ತೆಗೆದರು.

"ಇದನ್ನ ನೋಡಿ ಮೇಡಂ. ನಿಮ್ ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ."

ಕಂದು ಬಣ್ಣದ ತೊಗಲಿನ ಚಪ್ಪಲಿ, ಹೆಬ್ಬೆರಳಿಗೆ ಉಂಗುರವಿರುವಂಥದು. ಇನ್ನೂ ಎರಡು ವರ್ಷ ಗಟ್ಟಿಯಾಗಿ ಬಾಳುವಂತಿತ್ತು. ಒಳಗಡೆ ಕಾಲಿನ ಅಚ್ಚು ಕಪ್ಪಗೆ ಬಿದ್ದಿತ್ತು.

"ಎಷ್ಟು?"

"ಮೂವತ್ತು."

"ಮೂವತ್ತಾ! ಹಿಮ್ಮಡಿ ನೋಡಿ, ಎಡಗಡೆ ಸವೆದಿದೆ. ಇಪ್ಪತ್ತು."

"ಇಪ್ಪತ್ತಕ್ಕೇ ತಗೊಳ್ಳಿ. ಆದ್ರೆ ಈಗ್ಲೇ ಮೆಟ್ಕೊಂಡು ಹೊರಡಬೇಕು. ನಾಳೆ ಹಾಕ್ಕೋತೀನಿ ಅಂದ್ರೆ ಕೊಡಲ್ಲ."

ಆರು ವರ್ಷದಲ್ಲಿ ಈ ಹೆಂಗಸು ಒಂದೇ ಮಾತಿಗೆ ಬೆಲೆ ಇಳಿಸಿದ್ದಿಲ್ಲ. ನಾನು ಅನುಮಾನದಿಂದಲೇ ದುಡ್ಡು ಕೊಟ್ಟು, ಸಂತೋಷದಿಂದ ಮೆಟ್ಟಿದೆ. ಬೆರಳುಗಳು ಅಚ್ಚಿನೊಳಗೆ ಹೋಗಿ ತಣ್ಣಗೆ ಕೂತವು.

ಚಪ್ಪಲಿ ನಡೆಸಿಕೊಂಡು ಹೋಗುವಾಗ ಮನಸ್ಸು ಸಡಿಲ ಬಿಡಬೇಕು. ಎಲ್ಲಿಗೆ, ಎಷ್ಟು ದೂರ ಎಂದು ಯೋಚಿಸಬಾರದು. ಅವಸರ ಪಟ್ಟರೆ ಅದಕ್ಕೆ ದಾರಿ ತಪ್ಪುತ್ತದೆ. ಅದಕ್ಕೇ ಮಂಗಳವಾರ ಮಧ್ಯಾಹ್ನ ನಮ್ಮ ಬೀದಿಗಳಲ್ಲಿ ಎಲ್ಲರೂ ಅರೆಗಣ್ಣು ಮುಚ್ಚಿಕೊಂಡು ಮೆಲ್ಲಗೆ ಹೋಗುತ್ತಿರುತ್ತಾರೆ, ಎದುರುಬದುರಾದರೆ ಮಾತಾಡದೆ ಮುಗುಳ್ನಗುತ್ತಾರೆ. ಬಿಸಿಲು ಗೋಡೆಗಳ ಮೇಲೆ ಹಳದಿಯಾಗಿ ನಿಂತಿರುತ್ತದೆ. ದನಗಳು ಕೂಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ನಾನೂ ನಡೆದೆ. ಕಾಲು ನನ್ನದು, ನಡಿಗೆ ಇನ್ನಾರದೋ. ಚಿಕ್ಕ ಚಿಕ್ಕ ಹೆಜ್ಜೆ, ಪ್ರತಿ ತಿರುವಿನಲ್ಲೂ ಒಂದು ಕ್ಷಣ ಹಿಂದೆಗೆಯುವುದು. ಯಾರೋ ಅಳುಕಿನ ಹೆಂಗಸು ಎಂದುಕೊಂಡೆ.

ಮೊದಲು ಔಷಧಿ ಅಂಗಡಿಯ ಮುಂದೆ ನಿಂತಿತು. ಅಂಗಡಿಯವನು ನನ್ನ ಕಾಲು ಮಾತ್ರ ನೋಡಿ, "ಉಬ್ಬಸದ ಮಾತ್ರೆ ಇನ್ನೂ ಬಂದಿಲ್ಲಮ್ಮ, ಶುಕ್ರವಾರ ಬನ್ನಿ" ಎಂದ. ಆಮೇಲೆ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಅಲ್ಲಿಂದ ಬೇಕರಿ. ಬೇಕರಿಯವನು ಕೇಳದೆಯೇ ಎರಡು ಖಾರದ ಬನ್ನು ಕಟ್ಟಿಕೊಟ್ಟ. ನನಗೆ ಖಾರದ ಬನ್ನೆಂದರೆ ಪ್ರಾಣ, ಒಳ್ಳೆ ಚಪ್ಪಲಿ ಸಿಕ್ಕಿತು ಎಂದುಕೊಂಡೆ. ಅಲ್ಲಿಂದ ಮುಚ್ಚಿದ ಸಿನಿಮಾ ಟಾಕೀಸಿನ ಹಿಂದೆ, ಗಿರಣಿಯ ಪಕ್ಕ, ಹುಣಿಸೇಮರದ ಕೆಳಗೆ. ಆಮೇಲೆ ನಮ್ಮ ಬೀದಿ. ನಮ್ಮ ಬೀದಿಯಲ್ಲಿ ಯಾರ ಮನೆಗಪ್ಪಾ ಎಂದು ಕುತೂಹಲವಾಯಿತು. ಒಂದೊಂದೇ ಮನೆ ದಾಟಿ ಅದು ನನ್ನ ಗೇಟಿನ ಎದುರು ನಿಂತಿತು.

ಇಷ್ಟು ಬೇಗ ಚಪ್ಪಲಿ ನನ್ನದಾಗಿಬಿಟ್ಟಿತೇ ಎಂದು ಬೇಜಾರಾಯಿತು. ಮಜ್ಜಿಗೆಯೂ ಹೋಯಿತಲ್ಲ. ಚಿಲಕಕ್ಕೆ ಕೈ ಹಾಕಿ ಗೇಟು ತೆರೆದೆ. ಕಾಲು ಏಳಲಿಲ್ಲ. ಎಳೆದರೂ ಏಳಲಿಲ್ಲ. ಎರಡೂ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿದ್ದವು. ನಾನು ನಿಂತೇ ಇದ್ದೆ, ಹತ್ತು ನಿಮಿಷವಾದರೂ ಆಗಿರಬೇಕು. ಅಲ್ಲಿ ನಿಂತರೆ ಕಿಟಕಿಯೊಳಗೆ ನನ್ನ ಮೇಜು, ನನ್ನ ಮಷೀನು, ನಾನು ಕೂರುವ ಕುರ್ಚಿ ನೇರವಾಗಿ ಕಾಣುತ್ತವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಮ್ಮ ಮನೆಯನ್ನು ನಾವು ಹೊರಗೆ ನಿಂತು ನೋಡುವುದು ಯಾವಾಗ? ಆಮೇಲೆ ಚಪ್ಪಲಿ ಬಂದ ದಾರಿಗೆ ತಿರುಗಿತು.

ಎದುರುಮನೆ ಸಾಕಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಏನಿದು, ಶನಿವಾರ ಬರೋಳು ಮಂಗಳವಾರ ಬಂದವ್ಳಲ್ಲ ಅಂದ್ಕೊಂಡೆ. ನೋಡಿದ್ರೆ ನೀವು!"

"ಶನಿವಾರ ಯಾರು ಬರ್ತಾರೆ?"

ಸಾಕಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಹೆಸರೆತ್ತಬೇಡಿ ಅಂದೋರು ನೀವೇ ಅಲ್ವಾ?"

"ಈಗ ಎತ್ತು."

"ವಾರಿಜಮ್ಮ ಕಣ್ರೀ. ಮದುವೆ ಆದಾಗಿಂದ ಒಂದು ಶನಿವಾರ ತಪ್ಪಿಲ್ಲ. ಗೇಟ್ ತಾವ ನಿಂತ್ಕೊಂಡು ನೀವು ಟೈಪ್ ಹೊಡೆಯೋದು ನೋಡೋಳು. ಒಳೀಕ್ ಹೋಗಮ್ಮ ಅಂದ್ರೆ, ಅಕ್ಕ ಬರಬೇಡ ಅಂದವ್ಳೆ ಅನ್ನೋಳು. ಎರಡು ಬನ್ನು ತರೋಳು. ಒಂದು ಅಲ್ಲೇ ತಿನ್ನೋಳು, ನಿಮ್ಮ ಪಾಲಿಂದು ನಂಗೆ ಕೊಟ್ಟು ಹೋಗೋಳು."

ನಾನು ಕಾಲು ನೋಡಿಕೊಂಡೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಅಮ್ಮನ ಕಾಲು ಹಾಗೇ ಇತ್ತು, ನನ್ನದೂ ಹಾಗೇ, ವಾರಿಜಳದೂ ಹಾಗೇ. ಅಚ್ಚಿನೊಳಗೆ ನನ್ನ ಬೆರಳು ಅಷ್ಟು ಸಲೀಸಾಗಿ ಕೂತಾಗಲೇ ತಿಳಿಯಬೇಕಿತ್ತು. ಹೊಸಿಲು ತುಳಿಯಬೇಡ ಎಂದಿದ್ದೆ. ಅವಳು ನನ್ನ ಮಾತು ಮೀರಿರಲಿಲ್ಲ, ಗೇಟಿಗೇ ನಿಂತಿದ್ದಳು. ನಾನು ಐನೂರು ಶನಿವಾರ ಬಾಗಿಲಿಗೆ ಬೆನ್ನು ಹಾಕಿ ಅರ್ಜಿ ಟೈಪ್ ಮಾಡುತ್ತಿದ್ದೆ.

"ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇನೇ ಮುಂಡೇದೇ?"

"ನಿಮ್ಮ ಬಾಯಿಗೆ ಯಾರು ಸಿಕ್ಕಾರು?" ಎಂದಳು ಸಾಕಮ್ಮ. ಆಮೇಲೆ ಚಪ್ಪಲಿಯನ್ನೇ ದಿಟ್ಟಿಸುತ್ತಿದ್ದಂತೆ ಅವಳ ಮುಖ ಸಪ್ಪಗಾಯಿತು. "ಗಟ್ಟಿ ಚಪ್ಪಲಿ ಕೊಟ್ಟವ್ಳಲ್ರೀ."

ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಸವೆದ ಚಪ್ಪಲಿಯನ್ನು ಯಾರು ಬೇಕಾದರೂ ಕೊಡುತ್ತಾರೆ. ಗಟ್ಟಿ ಚಪ್ಪಲಿಯನ್ನು ಕೊಡುವವರು ಊರು ಬಿಡುವವರು ಮಾತ್ರ. ಇಲ್ಲಿನ ಚಪ್ಪಲಿ ಮೆಟ್ಟಿ ಹೊರಟರೆ ಅದು ಅರ್ಧ ದಾರಿಯಲ್ಲಿ ತಿರುಗಿಸಿಕೊಂಡು ಬಂದುಬಿಡುತ್ತದೆ, ಅದಕ್ಕೆ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸ ಚಪ್ಪಲಿಯಲ್ಲಿ ಹೋಗುತ್ತಾರೆ.

"ಗಂಡನಿಗೆ ಉಬ್ಬಸ ಜಾಸ್ತಿ ಆಗೈತಂತೆ," ಎಂದಳು ಸಾಕಮ್ಮ. "ಕೆರೆ ಗಾಳಿ ಆಗಲ್ಲ, ಒಣಸೀಮೆಗೆ ಹೋಗಿ ಅಂದವ್ರೆ ಡಾಕ್ಟ್ರು. ಹೋದ ಶನಿವಾರ ಬಾಳ ಹೊತ್ತು ನಿಂತಿದ್ಲು. ಮಂಗಳವಾರ ನಾಲ್ಕು ಗಂಟೆಗೆ ಲಾರಿ ಅಂದಂಗಿತ್ತು."

"ಮನೆ ಎಲ್ಲಿ?"

"ಕೆರೆ ಆಚೆ ಅಂತ ಗೊತ್ತು. ಮನೆ ನೋಡಿಲ್ಲ ಕಣ್ರೀ."

ಬನ್ನಿನ ಪೊಟ್ಟಣವನ್ನು ಅವಳ ಮೊರಕ್ಕೆ ಹಾಕಿ ಹೊರಟೆ. ಆಗ ಮೂರಕ್ಕೆ ಹತ್ತು ನಿಮಿಷವಿತ್ತು. ಚಪ್ಪಲಿಗೆ ಮನೆ ಗೊತ್ತು, ಅದರ ಹಿಂದೆ ಹೋದರಾಯಿತು. ಆದರೆ ನಾನು ಓಡಿದೆ. ನಮ್ಮೂರಲ್ಲಿ ಹುಟ್ಟಿ ಬೆಳೆದವಳು ಮಾಡಬಾರದ ತಪ್ಪು ಅದು. ಕೆರೆ ಏರಿ ಮುಟ್ಟುವುದರೊಳಗೆ ಕಾಲಲ್ಲಿದ್ದದ್ದು ಬರೀ ಚಪ್ಪಲಿಯಾಗಿತ್ತು. ಏರಿಯ ಆಚೆ ಮೂರು ಓಣಿ. ಎಡಕ್ಕೆ ಹೋದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದಾರಿ ಮುಗಿಯಿತು. ವಾಪಸ್ ಬಂದು ಮಧ್ಯದ್ದಕ್ಕೆ ಹೋದೆ, ಯಾರದೋ ಹುಲ್ಲಿನ ಬಣವೆಗೆ ಮುಟ್ಟಿದೆ. "ನಡಿಯೇ, ನಡಿ!" ಎಂದು ಚಪ್ಪಲಿಗೆ ಬೈದೆ. ಮೊದಲಿನ ಹಾಗೆ ಸ್ಕೇಲು ಕೈಯಲ್ಲಿದ್ದರೆ ಬಾರಿಸಿಯೂ ಬಿಡುತ್ತಿದ್ದೆ. ಬೈದಷ್ಟೂ ಅದು ಜಡವಾಯಿತು.

ಗಿರಣಿಯ ಸೈರನ್ ಕೂಗಿತು, ಮೂರೂವರೆ. ಮೂರನೆಯ ಓಣಿಗೆ ಹೋಗುವ ತ್ರಾಣವಿಲ್ಲದೆ ದಂಡೆಗೆ ವಾಪಸ್ ಬಂದು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತೆ. ಜೀವ ಬಾಯಿಗೆ ಬಂದಿರುವಾಗ ಮನಸ್ಸು ಸಡಿಲ ಬಿಡು ಎಂದರೆ ಹೇಗೆ ಬಿಡುವುದು? ಅಳು ಬಂತು. ಅರವತ್ತಮೂರು ವರ್ಷದ ಹೆಂಗಸು ಕೆರೆಯ ದಂಡೆಯಲ್ಲಿ ಕೂತು ಗೊಳೋ ಎಂದು ಅತ್ತೆ. ಅತ್ತು ಸುಸ್ತಾಗಿ ನೀರು ನೋಡುತ್ತಾ ಕೂತೆ. ನೀರಿನ ಮೇಲೆ ಬಿಸಿಲು ಅಲ್ಲಾಡುತ್ತಿತ್ತು. ಅಮ್ಮ ಹೋದ ವರ್ಷ ನಾನು ವಾರಿಜಳಿಗೆ ದಿನಾ ಬೆಳಗ್ಗೆ ಜಡೆ ಹಾಕುತ್ತಿದ್ದದ್ದು ನೆನಪಾಯಿತು. ರಾತ್ರಿಯೆಲ್ಲ ಅಮ್ಮಾ ಅಮ್ಮಾ ಎಂದು ಕನವರಿಸುತ್ತಿದ್ದ ಮಗು, ತಲೆಗೆ ಬಾಚಣಿಗೆ ತಾಗಿದ ತಕ್ಷಣ ಕೂತಲ್ಲೇ ನಿದ್ದೆ ಹೋಗುತ್ತಿತ್ತು. ಎಚ್ಚರವಾಗದಿರಲಿ ಎಂದು ನಾನು ಎಳೆಯ ಮೇಲೆ ಎಳೆ ಹಾಕುತ್ತಾ, ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆಯುತ್ತಾ ಸ್ಕೂಲಿನ ಗಂಟೆ ಹೊಡೆಯುವವರೆಗೆ ಕೂರುತ್ತಿದ್ದೆ. ಮೂರು ಎಳೆ. ಬಲದ್ದು ಮಧ್ಯಕ್ಕೆ, ಎಡದ್ದು ಮಧ್ಯಕ್ಕೆ. ನನ್ನ ಬೆರಳುಗಳು ಸೆರಗಿನ ಅಂಚಿನಲ್ಲಿ ಅದನ್ನೇ ಮಾಡುತ್ತಿದ್ದವು. ಎಷ್ಟು ಹೊತ್ತು ಮಾಡಿದೆನೋ ತಿಳಿಯದು. ನೋಡಿದರೆ ನಾನು ಎದ್ದು ನಡೆಯುತ್ತಿದ್ದೆ.

ಕಾಲು ಮೂರನೆಯ ಓಣಿ ಹಿಡಿದಿತ್ತು. ಚಿಕ್ಕ ಚಿಕ್ಕ ಹೆಜ್ಜೆ. ನಾನು ದಾರಿ ನೋಡಲಿಲ್ಲ, ಹೊತ್ತು ನೋಡಲಿಲ್ಲ, ಜಡೆ ಹೆಣೆಯುತ್ತಲೇ ಇದ್ದೆ. ಒಂದು ನಾಯಿ ಬೊಗಳದೆ ಜೊತೆಗೆ ಸ್ವಲ್ಪ ದೂರ ಬಂದು ಹಿಂದೆ ಉಳಿಯಿತು. ಯಾರೋ ಸೀಗೆಕಾಯಿ ಕುಟ್ಟುತ್ತಿದ್ದ ಸದ್ದು ಹತ್ತಿರವಾಗಿ ದೂರವಾಯಿತು. ಈ ದಾರಿಯಲ್ಲಿ ಅವಳು ನನ್ನನ್ನು ನೋಡಿ ಹಿಂತಿರುಗುವಾಗ ಏನು ಯೋಚಿಸುತ್ತಿದ್ದಳೋ ಎಂದು ಕೇಳುವ ಹಾಗೆಯೂ ಇರಲಿಲ್ಲ, ಚಪ್ಪಲಿಗೆ ದಾರಿ ಗೊತ್ತೇ ಹೊರತು ಮನಸ್ಸು ಗೊತ್ತಿಲ್ಲ.

ಓಣಿಯ ಕೊನೆಯಲ್ಲಿ ಲಾರಿ ನಿಂತಿತ್ತು. ಮಂಚ, ಬೀರು ಆಗಲೇ ಏರಿದ್ದವು. ಸುತ್ತಿಟ್ಟ ಹಾಸಿಗೆಯ ಮೇಲೆ ಯತಿರಾಜು ಎದೆ ಹಿಡಿದುಕೊಂಡು ಕೂತಿದ್ದರು. ಮದುವೆ ಮನೆಗಳಲ್ಲಿ ಕೆನ್ನೆ ಉಬ್ಬಿಸಿ ಊದುತ್ತಿದ್ದ ದಪ್ಪನೆ ಮನುಷ್ಯ ಈಗ ಅರ್ಧವಾಗಿದ್ದರು. ಅವರು ಮೊದಲು ನನ್ನ ಕಾಲು ನೋಡಿದರು, ಆಮೇಲೆ ಮುಖ. ಏನೋ ಹೇಳಲು ಹೋಗಿ ಉಸಿರು ಸಾಲದೆ ಕೈ ಎತ್ತಿ ಬಾಗಿಲು ತೋರಿಸಿದರು.

ಚಪ್ಪಲಿ ಮೆಟ್ಟಿಲು ಹತ್ತಿ, ಬಾಗಿಲಿನ ಎಡಗಡೆ, ಗೋಡೆಯ ಪಕ್ಕ ಹೋಗಿ ನಿಂತಿತು. ದಿನಾ ಬಿಡುತ್ತಿದ್ದ ಜಾಗವಿರಬೇಕು, ನೆಲದ ಮೇಲೆ ಗುರುತಿತ್ತು. ಕಾಲಿನಿಂದ ತಾನಾಗಿ ಸಡಿಲಾಯಿತು. ಚಪ್ಪಲಿ ಮೆಟ್ಟಿ ಯಾರ ಮನೆಯೊಳಗೂ ಹೋಗುವ ಹಾಗಿಲ್ಲವಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು. ನಾನು ಬರಿಗಾಲಲ್ಲಿ ಹೊಸಿಲಿನ ಈಚೆ ನಿಂತೆ.

ಒಳಗೆ ವಾರಿಜ ನೆಲದ ಮೇಲೆ ಕೂತು ಪಾತ್ರೆಯ ಗಂಟು ಕಟ್ಟುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನೆರಳು ಬಿದ್ದದ್ದು ಕಂಡು ತಿರುಗಿದಳು. ನನ್ನನ್ನು ನೋಡಿದಳು. ಬಗ್ಗಿ, ನನ್ನ ಪಕ್ಕದಲ್ಲಿದ್ದ ಚಪ್ಪಲಿ ನೋಡಿದಳು.

"ಯಾರಿಗಾದ್ರೂ ಕೊಡಿ, ನಮ್ಮಕ್ಕನಿಗೆ ಮಾತ್ರ ಬೇಡ ಅಂದಿದ್ದೆ ಟೀಚರ್‌ಗೆ" ಎಂದಳು.

"ಇಪ್ಪತ್ತು ರೂಪಾಯಿಗೆ ಕೊಟ್ರು."

"ಇಪ್ಪತ್ತಾ! ನಾನೂರು ರೂಪಾಯಿ ಚಪ್ಪಲಿ ಅದು."

ನಗಲು ಹೋದಳು, ಬಾಯಿ ಸೊಟ್ಟಗಾಗಿ ಸೆರಗು ಅಡ್ಡ ಹಿಡಿದುಕೊಂಡಳು. ಅವಳು ಬಾ ಎನ್ನಲಿಲ್ಲ. ಅನ್ನಬೇಕಾದವಳೂ ಅವಳಲ್ಲ. ಹನ್ನೊಂದು ವರ್ಷದಿಂದ ನಾನು ಹೇಳದೆ ಉಳಿಸಿಕೊಂಡದ್ದು ಆಗ ಹೊರಬಿತ್ತು.

"ಊರು ನಗುತ್ತೆ ಅಂತ ಅಲ್ಲ ಕಣೇ ನಾನು ಹಾಗಂದದ್ದು. ನೀನು ಹೋಗ್ಬಿಡ್ತೀಯಲ್ಲ ಅಂತ ಹೆದರಿಕೆ ಆಗಿತ್ತು."

"ಗೊತ್ತು ಅಕ್ಕ. ಗೊತ್ತಿದ್ದಕ್ಕೇ ಅಲ್ವಾ ಬರ್ತಿದ್ದದ್ದು."

"ಹಾಗಾದ್ರೆ ಒಳಗೆ ಯಾಕೆ ಬರಲಿಲ್ಲ?"

"ನೀನು ತಿರುಗಿ ನೋಡ್ತೀಯೇನೋ ಅಂತ ಕಾಯ್ತಿದ್ದೆ."

ಅವಳನ್ನು ಹೋಗಬೇಡ ಎನ್ನುವ ಹಾಗಿರಲಿಲ್ಲ. ಹೊರಗೆ ಕೂತವರ ಉಸಿರು ನನಗೂ ಕೇಳಿಸುತ್ತಿತ್ತು. ಲಾರಿಯ ಡ್ರೈವರು ಹಾರ್ನ್ ಒತ್ತಿ, "ಅಮ್ಮಾ, ನಾಲ್ಕಾಯ್ತು, ಹೊರಡಾಣ" ಎಂದು ಕೂಗಿದ. ನನ್ನ ಬರಿಗಾಲಿಗೆ ಆ ಮನೆ ಗೊತ್ತಿರಲಿಲ್ಲ, ಯಾವ ಅಭ್ಯಾಸವೂ ಅದನ್ನು ಮುಂದಕ್ಕೆ ತಳ್ಳುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಬಲಗಾಲು ಎತ್ತಿ, ನಾನೇ ಹೊಸಿಲು ದಾಟಿದೆ. ವಾರಿಜ ಪಾತ್ರೆಯ ಗಂಟು ಬದಿಗೆ ತಳ್ಳಿ ಜಾಗ ಮಾಡಿದಳು.

ಹೊರಗೆ ಯತಿರಾಜು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಡ್ರೈವರಿಗೆ ಕೂಗಿ ಹೇಳಿದ್ದು ಕೇಳಿಸಿತು. "ಇನ್ನೊಂದ್ ಗಂಟೆ ತಡಿಯಪ್ಪ. ಅವಳ ಅಕ್ಕ ಬಂದವ್ರೆ."